ರೋಮ್ ಕಾಲದ ನಗು: ‘ಕ್ಯಾರಿ ಆನ್ ಕ್ಲಿಯೋ’ನಾ, ‘ಲೈಫ್ ಆಫ್ ಬ್ರಯಾನ್’ಆ?

ಎರಡೂ ಬ್ರಿಟಿಷ್ ಕಾಮಿಡಿ, ಎರಡರಲ್ಲೂ ರೋಮನ್ನರಿದ್ದಾರೆ. ಆದರೆ ನಗಿಸುವ ರೀತಿ ಬೇರೆ.

1964ರ ‘ಕ್ಯಾರಿ ಆನ್ ಕ್ಲಿಯೋ’ ಸುಮ್ನೆ ನಕ್ಕು ಹಗುರಾಗಲು ಸರಿಯಾದ ಸಿನಿಮಾ. ಎಲಿಜಬೆತ್ ಟೇಲರ್ ಅವರ ‘ಕ್ಲಿಯೋಪಾತ್ರ’ಕ್ಕಾಗಿ ಇಂಗ್ಲೆಂಡಿನಲ್ಲಿ ಮಾಡಿ ಬಿಟ್ಟುಹೋಗಿದ್ದ ಸೆಟ್ಟು, ಬಟ್ಟೆಗಳನ್ನೇ ಇದರಲ್ಲಿ ಬಳಸಿದ್ದಾರೆ. ಹಾಗಾಗಿ ಸಣ್ಣ ಬಜೆಟ್ಟಿನ ಚಿತ್ರವಾದರೂ ನೋಡಲು ಅದ್ದೂರಿ. ಚೌಕಾಕಾರದ ಚಕ್ರ ಮಾಡುವ ಬ್ರಿಟನ್ನಿನ ಬಡಪಾಯಿ ಹೆಂಗಿಸ್ಟ್ ನನಗೆ ತುಂಬಾ ಇಷ್ಟ. ಸೀಸರ್ ಆಗಿ ಕೆನೆತ್ ವಿಲಿಯಮ್ಸ್ ಮೂಗು ಅರಳಿಸಿ ಗೋಳಾಡುವುದನ್ನಂತೂ ಎಷ್ಟು ಸಲ ನೋಡಿದರೂ ಸಾಲದು. ಒಂದು ತೊಡಕಿದೆ. ನಗು ಜಾಸ್ತಿ ಇರುವುದು ಇಂಗ್ಲಿಷ್ ಪದಗಳ ಆಟದಲ್ಲಿ. ‘ಇನ್‌ಫಮಿ’ (ಅಪಕೀರ್ತಿ) ಎಂಬ ಪದವನ್ನು ‘ಇನ್ ಫಾರ್ ಮಿ’ ಎಂದು ಒಡೆದು ಮಾಡಿದ ಪ್ರಸಿದ್ಧ ಜೋಕು ಸಬ್‌ಟೈಟಲ್‌ನಲ್ಲಿ ಸಿಗುವುದು ಕಷ್ಟ. ಹೆಣ್ಣುಮಕ್ಕಳ ಬಗ್ಗೆ ಕೆಲವು ಮಾತು ಇಂದು ಹಳಸಲು ಅನ್ನಿಸುತ್ತವೆ.

1979ರ ‘ಬ್ರಯಾನ್’ ಹಾಗಲ್ಲ. ರೋಮನ್ ಆಳ್ವಿಕೆಯ ಜುದೇಯ (ಏಸುವಿನ ಕಾಲದ ಯಹೂದಿಗಳ ನಾಡು), ಕುರುಡು ನಂಬಿಕೆ, ಒಡೆದುಹೋದ ಹೋರಾಟದ ಗುಂಪುಗಳು ಇದರ ವಸ್ತು. ಐರ್ಲೆಂಡ್, ನಾರ್ವೆಗಳಲ್ಲಿ ನಿಷೇಧವನ್ನೂ ಕಂಡಿತು. ಬ್ರಯಾನ್ ಬರೆದ ಗೋಡೆಬರಹದ ತಪ್ಪಿಗೆ ರೋಮನ್ ಸೈನಿಕ ಅವನಿಗೆ ಲ್ಯಾಟಿನ್ ವ್ಯಾಕರಣ ಕಲಿಸುವ ದೃಶ್ಯ ಶಾಲೆಗೆ ಹೋದವರಿಗೆಲ್ಲ ಮುಟ್ಟುತ್ತದೆ, ಅಲ್ವಾ?

ಈಜಿಪ್ಟ್, ಕ್ಲಿಯೋಪಾತ್ರ ಬೇಕಿದ್ದರೆ ಮೊದಲನೆಯದು. ಒಂದೇ ಸಿನಿಮಾಕ್ಕೆ ಸಮಯವಿದ್ದರೆ ನಾನು ‘ಬ್ರಯಾನ್’ ಅನ್ನೇ ಹಾಕುತ್ತೇನೆ.