ಅಗ್ಗದ ‘ಘಟ್ಟದ ಸೈಕಲ್ ಪ್ಯಾಕೇಜ್’ಗೆ ಹಣ ಕಟ್ಟುವ ಮುನ್ನ ಓದಿ

ಮಳೆಗಾಲ ಮುಗಿಯುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಜಾಹೀರಾತು ಹರಿದಾಡತೊಡಗುತ್ತದೆ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕುಮಟಾ, ದೇವಿಮನೆ ಘಟ್ಟ ಹತ್ತಿ ಶಿರಸಿ, ಮುಂಡಗೋಡದ ಮೇಲೆ ವಾಪಸ್. ರೋಡ್ ಸೈಕಲ್, ವಸತಿ, ಊಟ, ಬೆಂಗಾವಲು ವಾಹನ, ವಿಮೆ ಎಲ್ಲ ಸೇರಿ ತಲೆಗೆ 4,500 ರೂಪಾಯಿ. ಕಳೆದ ಹಂಗಾಮಿನಲ್ಲಿ ನಾನು ಇಂಥದ್ದೊಂದು ತಂಡದ ಜೊತೆ ಹೊರಟೆ. ಸಂಘಟಕರ ಹೆಸರು ಬರೆಯುವುದಿಲ್ಲ. ಹೆಸರು ಬದಲಿಸಿಕೊಂಡು ಬರುವುದು ಅವರಿಗೆ ಕಷ್ಟವೂ ಅಲ್ಲ. ಲಕ್ಷಣ ಹೇಳುತ್ತೇನೆ, ಗುರುತು ಹಿಡಿಯಿರಿ.

ಸೈಕಲ್ಲನ್ನು ಹಿಂದಿನ ದಿನವೇ ತೋರಿಸಿ ಎಂದು ಕೇಳಿದ್ದೆ. ‘ಈಗಷ್ಟೇ ಸರ್ವಿಸ್ ಆಗಿದೆ ಸರ್, ಟೆನ್ಷನ್ ಬೇಡ’ ಎಂಬ ಉತ್ತರ ಬಂತು. ಕೈಗೆ ಕೊಟ್ಟದ್ದು ಬೆಳಗಿನ ಜಾವ, ಚನ್ನಮ್ಮ ವೃತ್ತದ ಬಳಿ, ಬೀದಿದೀಪದ ಬೆಳಕಿನಲ್ಲಿ. ಅಷ್ಟರಲ್ಲಿ ನನ್ನ ಆಧಾರ್ ಕಾರ್ಡೂ 3,000 ರೂಪಾಯಿ ಠೇವಣಿಯೂ ಅವರ ಕೈ ಸೇರಿದ್ದವು. ವಿಮೆಯ ಪಾಲಿಸಿ ಸಂಖ್ಯೆ ಕೇಳಿದರೆ ‘ಗ್ರೂಪಿನಲ್ಲಿ ಹಾಕುತ್ತೇವೆ’ ಎಂದರು. ಇವತ್ತಿಗೂ ಹಾಕಿಲ್ಲ.

ಕಲಘಟಗಿಯವರೆಗೆ ಎಲ್ಲ ಚೆನ್ನಾಗಿತ್ತು. ಕಿರವತ್ತಿ ದಾಟಿದ ಮೇಲೆ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪಂಪು, ಟ್ಯೂಬು ಇದ್ದದ್ದು ಬೆಂಗಾವಲು ವಾಹನದಲ್ಲಿ. ಬೆಂಗಾವಲು ವಾಹನ ಇದ್ದದ್ದು ಯಲ್ಲಾಪುರದ ಹೋಟೆಲೊಂದರ ಮುಂದೆ. ಹಿಂದೆ ಇರಬೇಕಾದ ಗಾಡಿ ತಿಂಡಿಗೆಂದು ಮುಂದೆ ಹೋಗಿತ್ತು. ಯಾರದ್ದೋ ಸರಕಿನ ಟೆಂಪೊ ಹತ್ತಿಕೊಂಡು ಯಲ್ಲಾಪುರ ಸೇರಿದೆ. ಅವರು ಕೊಟ್ಟ ಬದಲಿ ಟ್ಯೂಬು ನಮ್ಮ ಹಾಲಿನವರ ಸೈಕಲ್ಲಿಗೆ ಹಾಕುವಂಥದ್ದು, ದಪ್ಪ ವಾಲ್ವಿನದು. ರೋಡ್ ಸೈಕಲ್ಲಿನ ರಿಮ್ಮಿನಲ್ಲಿ ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ತಕ್ಕ ಸಣ್ಣ ರಂಧ್ರ ಇರುತ್ತದೆ. ಪಂಕ್ಚರ್ ಅಂಗಡಿಯ ಹಿರಿಯರು ವಾಲ್ವನ್ನು ರಂಧ್ರದ ಮೇಲಿಟ್ಟು ಎರಡು ಸಲ ಒತ್ತಿ ನೋಡಿ, ‘ತಮ್ಮಾ, ಡ್ರಿಲ್ ಹೊಡೆದರೆ ಕೂರುತ್ತದೆ, ಹೊಡೆಯಲೇ?’ ಎಂದರು. ಬಾಡಿಗೆ ಸೈಕಲ್ಲಿಗೆ ಡ್ರಿಲ್ ಹೊಡೆಸುವ ಧೈರ್ಯ ನನಗಿರಲಿಲ್ಲ. ಟೈರಾದರೂ ಸಿಗುತ್ತದೆಯೇ ಎಂದರೆ ಅದೂ ಇಲ್ಲ. ಸಾಮಾನ್ಯ ದೊಡ್ಡ ಸೈಕಲ್ಲಿನ 28 ಇಂಚಿನ ಟೈರು 635 ಮಿಲಿಮೀಟರ್ ರಿಮ್ಮಿನದು, ರೋಡ್ ಸೈಕಲ್ಲಿನ 700ಸಿ ಟೈರು 622ರದ್ದು. ನೋಟಕ್ಕೆ ಅಣ್ಣ-ತಮ್ಮ, ಒಂದಕ್ಕೊಂದು ಆಗಿಬರುವುದಿಲ್ಲ. ಕೊನೆಗೆ ತಂಡದಲ್ಲಿದ್ದ ಗದಗಿನ ಬ್ಯಾಂಕ್ ಉದ್ಯೋಗಿಯೊಬ್ಬರು ತಮ್ಮ ಚೀಲದಿಂದ ಸರಿಯಾದ ಟ್ಯೂಬು ತೆಗೆದುಕೊಟ್ಟರು. ಅವರು ಸ್ವಂತ ಸೈಕಲ್ ತಂದಿದ್ದರು. ಸಂಘಟಕರಿಗೆ ಅದೂ ಇಷ್ಟವಿರಲಿಲ್ಲ, ಬಾಡಿಗೆ ತಪ್ಪಿತಲ್ಲ!

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮರುದಿನ ಅರಬೈಲು ಘಟ್ಟ ಇಳಿಯುವಾಗ, ಎರಡನೆಯದೋ ಮೂರನೆಯದೋ ತಿರುವಿನಲ್ಲಿ, ಹಿಂದಿನ ಚಕ್ರದಿಂದ ಕರಕರ ಸದ್ದು ಶುರುವಾಯಿತು. ಬ್ರೇಕ್ ಲಿವರ್ ಹ್ಯಾಂಡಲ್ಲಿಗೆ ತಾಗುವಷ್ಟು ಒತ್ತಿದರೂ ವೇಗ ಇಳಿಯುತ್ತಿಲ್ಲ. ಎದುರಿಗೆ ಏದುಸಿರು ಬಿಡುತ್ತ ಹತ್ತುವ ಲಾರಿ, ಬೆನ್ನಿಗೆ ಹಾರ್ನ್ ಹೊಡೆಯುವ ಇನ್ನೊಂದು. ಮುಂದಿನ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತ, ಗುಡ್ಡದ ಬದಿಯ ಮಣ್ಣಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಬಗ್ಗಿ ನೋಡಿದರೆ ಬ್ರೇಕ್ ಪ್ಯಾಡಿನ ರಬ್ಬರ್ ಒಂದು ಕಡೆ ಪೂರ್ತಿ ಸವೆದು ಒಳಗಿನ ಲೋಹ ರಿಮ್ಮನ್ನು ತುರಿಯುತ್ತಿತ್ತು. ಅಲ್ಯೂಮಿನಿಯಂ ಪುಡಿ ಟೈರಿಗೆ ಮೆತ್ತಿಕೊಂಡಿತ್ತು, ರಿಮ್ ಮುಟ್ಟಲಾಗದಷ್ಟು ಸುಡುತ್ತಿತ್ತು. ರಬ್ಬರ್ ಒಂದು ದಿನದಲ್ಲಿ ಸವೆಯುವುದಿಲ್ಲ. ಹುಬ್ಬಳ್ಳಿಯಲ್ಲೇ ಅದು ಮುಗಿದಿತ್ತು. ಸಪಾಟು ರಸ್ತೆಯಲ್ಲಿ ಗೊತ್ತಾಗಲಿಲ್ಲ, ಅಷ್ಟೇ. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಗಾಡಿ ಮತ್ತೆ ಮುಂದೆ. ತಳ್ಳಿಕೊಂಡು ಇಳಿದು, ದಾರಿಯಲ್ಲಿ ಸಿಕ್ಕ ಲಾರಿಯಲ್ಲಿ ಅಂಕೋಲಾ ಮುಟ್ಟಿ, ಅಲ್ಲಿಂದ ಬಸ್ಸಿನಲ್ಲಿ ಮನೆಗೆ ಬಂದೆ.

ನಾನು ಗಾಬರಿಬುರುಕ ಎನ್ನುವವರು ಒಂದು ಸಂಗತಿ ನೆನೆಯಲಿ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ-ಹಣ್ಣಿನ ವ್ಯಾಪಾರಿಗಳ ಲಾರಿ ಉರುಳಿ ನಮ್ಮ ಹಾವೇರಿ ಜಿಲ್ಲೆಯ 10 ಮಂದಿ ಸತ್ತದ್ದು ಯಲ್ಲಾಪುರ ತಾಲ್ಲೂಕಿನ ಇದೇ ಹೆದ್ದಾರಿಯಲ್ಲಿ. ಇನ್ನು ‘ಮಳೆಗಾಲದ ವಿಶೇಷ ರಿಯಾಯಿತಿ’ ಎಂದು ಕರೆಯುವವರಿದ್ದಾರೆ. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಇರುವುದು ಅಂಕೋಲಾ-ಕುಮಟಾ ನಡುವೆ, ಇವರು ಹೇಳುವ ದಾರಿಯಲ್ಲೇ. ಆ ತಿಂಗಳುಗಳಲ್ಲಿ ಪುಕ್ಕಟೆ ಕರೆದರೂ ಬೇಡ.

ಮುಂದುವರಿದವರ ಪಾಡು ಆಮೇಲೆ ತಿಳಿಯಿತು. ಕೊಟ್ಟ ಸೈಕಲ್ಲುಗಳಿಗೆ ಮುಂದೆ, ಪೆಡಲಿನ ಬಳಿಯ ಗೇರುಗಳಿಗೆ 53 ಮತ್ತು 39 ಹಲ್ಲು, ಹಿಂದಿನ ದೊಡ್ಡ ಗೇರೇ 25 ಹಲ್ಲಿನದು. ಮುಂದೆ ಹಲ್ಲು ಕಡಿಮೆ, ಹಿಂದೆ ಹೆಚ್ಚು ಇದ್ದಷ್ಟೂ ಹತ್ತುವುದು ಹಗುರ. ಅದು ರೇಸಿನವರ ಜೋಡಣೆ. ಸಮುದ್ರಮಟ್ಟದ ಕುಮಟಾದಿಂದ ಸುಮಾರು 590 ಮೀಟರ್ ಎತ್ತರದ ಶಿರಸಿಗೆ ಚೀಲ ಹೇರಿಕೊಂಡು ಹತ್ತುವವರಿಗೆ ಮುಂದೆ 34, ಹಿಂದೆ 32 ಇದ್ದರೆ ಮೊಣಕಾಲು ಉಳಿಯುತ್ತದೆ. ದೇವಿಮನೆಯ ಬಹುಪಾಲನ್ನು ಅವರು ಸೈಕಲ್ ತಳ್ಳಿಕೊಂಡೇ ಹತ್ತಿದರಂತೆ.

ಕಡಿಮೆ ಖರ್ಚಿನಲ್ಲಿ ಘಟ್ಟ ಸುತ್ತಬಾರದೆಂದು ನಾನು ಹೇಳುತ್ತಿಲ್ಲ. ಖಾನಾವಳಿಯಲ್ಲಿ ಉಣ್ಣಿ, ಸಾದಾ ಲಾಡ್ಜಿನಲ್ಲಿ ಮಲಗಿ, ಅಲ್ಲಿ ಉಳಿಸಿ. ಬ್ರೇಕಿನಲ್ಲಿ ಉಳಿಸುವವರ ಸಹವಾಸ ಬೇಡ. ಸೈಕಲ್ಲನ್ನು ಹಗಲು ಬೆಳಕಿನಲ್ಲಿ ನೋಡದೆ ಹಣ ಕೊಡಬೇಡಿ. ಪ್ಯಾಡಿನ ಮೇಲೆ ಗೀರುಗಳಿರುತ್ತವೆ. ಅವು ಅಳಿಸಿಹೋಗಿದ್ದರೆ ಹೊಸದು ಹಾಕಿಸಲು ಹೇಳಿ. ನೃಪತುಂಗ ಬೆಟ್ಟ ಹತ್ತಿಳಿದರೆ ಬ್ರೇಕಿನ ಬಂಡವಾಳ ಬಯಲಾಗುತ್ತದೆ. ‘ಟ್ರಯಲ್ ಕೊಡುವುದಿಲ್ಲ’ ಎಂದರೆ ಅಲ್ಲಿಗೇ ಕೈ ಮುಗಿಯಿರಿ. ಪ್ರೆಸ್ಟಾ ಟ್ಯೂಬು ಎರಡು, ಪಂಪು, ಟೈರ್ ಲಿವರ್ ನಿಮ್ಮ ಚೀಲದಲ್ಲೇ ಇರಲಿ. ಆಧಾರ್ ಕಾರ್ಡನ್ನು ಒತ್ತೆ ಇಡಬೇಡಿ, ನಕಲು ಸಾಕು.

ಠೇವಣಿಯ ಕಥೆ ಇನ್ನೂ ಇದೆ. 3,000ದಲ್ಲಿ 2,200 ರೂಪಾಯಿ ಮುರಿದುಕೊಂಡರು. ಕಾರಣ: ‘ರಿಮ್ ಹಾಳು ಮಾಡಿದ್ದೀರಿ.’ ಅವರದೇ ಪ್ಯಾಡು ತುರಿದ ರಿಮ್ಮಿಗೆ ದಂಡ ನನಗೆ! ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ; 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಘಟ್ಟದಲ್ಲಿ ನಿಂತು ತೆಗೆದ ಪ್ಯಾಡಿನ ಫೋಟೊ, ಯುಪಿಐ ಪಾವತಿಯ ದಾಖಲೆ, ‘ಸರ್ವಿಸ್ ಆಗಿದೆ’ ಎಂಬ ಆ ಸಂದೇಶ ಮೂರೂ ದೂರಿನ ಜೊತೆಗಿವೆ. ಹೀಗೆಯೇ ಠೇವಣಿ ಕಳೆದುಕೊಂಡವರು ಚಾಟ್ ಅಳಿಸಬೇಡಿ. ಗ್ರೂಪಿನಿಂದ ನಿಮ್ಮನ್ನು ತೆಗೆದುಹಾಕುವ ಮೊದಲೇ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.