"ಗ್ಯಾರಂಟಿ ಸ್ಟ್ರೀಮ್ಸ್" ಅನ್ನುವವರಿಗೆ ದುಡ್ಡು ಕೊಡಬೇಡಿ, ಹಾಡೇ ಕೈತಪ್ಪುತ್ತದೆ

ಸ್ವಂತ ಹಾಡು ಬಿಡುಗಡೆ ಮಾಡುವವರು ದಯವಿಟ್ಟು ಓದಿ. ನಿಮ್ಮ ಜೊತೆ ಹಾಡುವವರಿಗೂ ನುಡಿಸುವವರಿಗೂ ಹೇಳಿ. ದುಡ್ಡು ಕೊಡಿ, ಸ್ಪಾಟಿಫೈ ಥರದ ಆ್ಯಪ್‌ಗಳ ಪ್ಲೇಲಿಸ್ಟ್‌ಗೆ ನಿಮ್ಮ ಹಾಡು ಸೇರಿಸಿ ಇಷ್ಟು ಸ್ಟ್ರೀಮ್, ಅಂದರೆ ಇಷ್ಟು ಸಲ ಕೇಳಿದ ಲೆಕ್ಕ, ಬರಿಸುತ್ತೇವೆ ಅನ್ನುತ್ತಾರಲ್ಲ, ಆ "ಪ್ಲೇಲಿಸ್ಟ್ ಪ್ರಮೋಷನ್" ಹೆಸರಲ್ಲಿ ನಡೆಯುತ್ತಿರುವುದು ಹಗಲು ದರೋಡೆ. ದುಡ್ಡು ಹೋದರೆ ಹೋಗಲಿ ಅನ್ನಬಹುದು. ನನ್ನ ಹಾಡೇ ಹೋಯಿತು.

ಹೊಸ ಹಾಡು ಬಂದ ಕೂಡಲೇ ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್‌ಗಳು ಬರುತ್ತವಲ್ಲ, ಅಂಥವನ್ನು ನಾನು ಓದುವುದೂ ಇಲ್ಲ. ನನಗೆ ಮೋಸ ಮಾಡಿದ ಈ ಪ್ರಮೋಷನ್‌ನವನು ಬೇರೆ ಥರ ಬಂದ. ಎರಡನೇ ಚರಣದ ಮುಂಚೆ ಕೊಳಲು ಬರುವ ಜಾಗವನ್ನು ಹೊಗಳಿ ಬರೆದಿದ್ದ. ಹಾಡು ಪೂರ್ತಿ ಕೇಳಿದವರು ಹೇಳುವ ಮಾತದು. "ಇಂಥ ಹಾಡು ಜನಕ್ಕೆ ಮುಟ್ಟಬೇಕು ಸರ್. ಅಲ್ಗಾರಿದಮ್‌ಗೆ ಒಂದು ಪುಶ್ ಸಿಕ್ಕರೆ ಸಾಕು" ಅಂದ. ಸ್ಪಾಟಿಫೈನಲ್ಲಿ 2024ರಿಂದ ಹೊಸ ನಿಯಮ ಇದೆ, ಗೊತ್ತಲ್ವಾ? ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ರಾಯಲ್ಟಿ ಇಲ್ಲ. ನಮ್ಮಂಥ ಸಣ್ಣ ಕಲಾವಿದರ ಈ ಭಯವೇ ಇವರ ಬಂಡವಾಳ. "ಸಾವಿರ ಮೊದಲ ವಾರವೇ ದಾಟಿಸ್ತೀವಿ, 100% ಆರ್ಗ್ಯಾನಿಕ್" ಎಂದು ಬರೆದುಕೊಟ್ಟ. ಅಂದರೆ ಎಲ್ಲರೂ ನಿಜವಾದ ಕೇಳುಗರೇ ಅಂತ. ದುಡ್ಡು ಕಳಿಸಿದೆ.

ಸಂಖ್ಯೆ ಏರಿತು. ತಬಲಾ ನುಡಿಸಿದವರಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಪಾಪ, ಅವರು ಅದನ್ನು ಸ್ಟೇಟಸ್ ಹಾಕಿಕೊಂಡರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಹಾಡಿನ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್ ತೆರೆದು ಒಂದೊಂದೇ ನೋಡಿದೆ. ಸ್ಟ್ರೀಮ್ ಸಾವಿರಾರು. ಸೇವ್ ಮಾಡಿದವರು? ಬೆರಳೆಣಿಕೆ, ಅವರೂ ಪರಿಚಯದವರೇ ಇರಬೇಕು. ಫಾಲೋವರ್ಸ್ ಇದ್ದಷ್ಟೇ. ಕೇಳುಗರ ಪಟ್ಟಿಯಲ್ಲಿ ಮೇಲಿದ್ದ ಊರುಗಳಿಗೆಲ್ಲ ನಮ್ಮ ಭಾಷೆಯ ಗಂಧಗಾಳಿ ಇಲ್ಲ. ಪ್ಲೇಲಿಸ್ಟ್ ತೆರೆದರೆ ನನ್ನ ಹಾಡಿನ ಮೇಲೆ ಜಿಮ್ ಬೀಟ್ಸ್, ಕೆಳಗೆ ನಿದ್ದೆ ಬರಿಸುವ ಮಳೆ ಸದ್ದು. ಎಲ್ಲವನ್ನೂ ಸೇರಿಸಿದ್ದು ಒಂದೇ ದಿನ! ಮನುಷ್ಯರು ಯಾರಾದರೂ ಹೀಗೆ ಹಾಡು ಕೇಳುತ್ತಾರಾ? 30 ಸೆಕೆಂಡ್ ಓಡಿದರೆ ಒಂದು ಸ್ಟ್ರೀಮ್ ಎಂದು ಲೆಕ್ಕ. ಅಷ್ಟಕ್ಕೆ ಬಾಟ್‌ನ, ಅಂದರೆ ಕೇಳುಗರ ಥರ ನಟಿಸುವ ಪ್ರೋಗ್ರಾಮ್‌ನ, ಕೆಲಸ ಮುಗಿಯಿತು. ನನ್ನ ಕೊಳಲು ಬರುವವರೆಗೆ ಯಾವ ಬಾಟ್ ಕಾಯುತ್ತದೆ?

ಕೇಳಿದ್ದಕ್ಕೆ ಬಂದ ಉತ್ತರಗಳನ್ನು ಹಾಗೇ ಹಾಕುತ್ತೇನೆ.

"ಅಲ್ಗಾರಿದಮ್ ಈಗಷ್ಟೇ ಪಿಕಪ್ ಆಗ್ತಿದೆ ಸರ್, ಸ್ವಲ್ಪ ತಾಳ್ಮೆ ಇರಲಿ."

ಸೇವ್ ಯಾಕಿಲ್ಲ ಅಂದೆ. "ಹಾಡು ಇಷ್ಟ ಆದ್ರೆ ತಾನೇ ಸರ್ ಸೇವ್ ಮಾಡೋದು?"

ಕೊಳಲನ್ನು ಹೊಗಳಿದ ಅದೇ ಬಾಯಿ! ಈ ಒಂದು ಮಾತು ದುಡ್ಡಿಗಿಂತ ಜಾಸ್ತಿ ಚುಚ್ಚಿತು. ದುಡ್ಡು ವಾಪಸ್ ಕೊಡಿ ಅಂದೆ. "ನಾವು ಪ್ರಮೋಷನ್ ಮಾತ್ರ ಮಾಡೋದು. ಯಾರು ಕೇಳಿದ್ರು ಅಂತ ನಮಗೆ ಹೇಗೆ ಗೊತ್ತಾಗುತ್ತೆ?" ಅವನೇ ಬರೆದುಕೊಟ್ಟ "100% ಆರ್ಗ್ಯಾನಿಕ್" ಮೆಸೇಜನ್ನು ಅವನಿಗೇ ಕಳಿಸಿದೆ. ಬ್ಲಾಕ್ ಮಾಡಿದ.

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ಹಾಡನ್ನು ಸ್ಪಾಟಿಫೈಗೆ ತಲುಪಿಸುವ ಕಂಪನಿ, ಅಂದರೆ ಡಿಸ್ಟ್ರಿಬ್ಯೂಟರ್‌ನಿಂದ ಮೇಲ್ ಬಂತು. ಸ್ಟ್ರೀಮ್ ಕೃತಕ, ಹಾಡು ತೆಗೆದಿದ್ದೇವೆ. ಬಾಟ್ ಓಡಿಸಿದ್ದು ನಾನಲ್ಲ ಅಂದರೆ, ಯಾರು ಓಡಿಸಿದರೂ ಜವಾಬ್ದಾರಿ ನಿಮ್ಮದೇ ಅಂದರು. ನಕಲಿ ಸ್ಟ್ರೀಮ್ ವಿಪರೀತ ಇದ್ದರೆ ಸ್ಪಾಟಿಫೈ 2024ರಿಂದ ಲೇಬಲ್‌ಗೂ ಡಿಸ್ಟ್ರಿಬ್ಯೂಟರ್‌ಗೂ ಹಾಡಿನ ಲೆಕ್ಕದಲ್ಲಿ ದಂಡ ಹಾಕುತ್ತಿದೆ. ಹಾಗಾಗಿ ಯಾರೂ ನಮ್ಮ ಪರ ನಿಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ, ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಹಾಡು ಕೇಳುವವರು ಬೇರೆ ಏನು ಕೇಳುತ್ತಾರೆ ಅನ್ನುವುದನ್ನು ನೋಡಿಕೊಂಡೇ ಸ್ಪಾಟಿಫೈನ ಡಿಸ್ಕವರ್ ವೀಕ್ಲಿ ಥರದ ಪಟ್ಟಿಗಳು ಹಾಡನ್ನು ಹೊಸಬರಿಗೆ ತೋರಿಸುತ್ತವೆ. ನನ್ನ ಪ್ರೊಫೈಲ್ ಕೆಳಗೆ "ಫ್ಯಾನ್ಸ್ ಆಲ್ಸೋ ಲೈಕ್" ಜಾಗದಲ್ಲಿ ಮೊದಲು ನಮ್ಮ ಭಾಷೆಯ ಗಾಯಕರ ಹೆಸರಿತ್ತು. ಈಗ ಅಲ್ಲಿರುವುದು ಆ ಪ್ಲೇಲಿಸ್ಟಿನ ಮಂದಿ. ಅವರೂ ದುಡ್ಡು ಕೊಟ್ಟು ಮೋಸಹೋದವರೇ ಇರಬೇಕು. ಪ್ರತಿ ಹಾಡಿಗೂ ತಪ್ಪದೆ ಎರಡು ಸಾಲು ಬರೆಯುತ್ತಿದ್ದ ಕೇಳುಗರು ನನಗಿದ್ದರು. ಕೆಲವರೇ, ಆದರೆ ನಿಜವಾದವರು. ಅಂಥವರನ್ನು ಹುಡುಕಿಕೊಡಬೇಕಾದ ಅಲ್ಗಾರಿದಮ್‌ಗೆ ಇವನು ಸುಳ್ಳು ಕಲಿಸಿ ಹೋದ.

ಇಷ್ಟು ಸ್ಟ್ರೀಮ್ ಗ್ಯಾರಂಟಿ ಅಂತ ಯಾರು ಹೇಳಿದರೂ ಅಲ್ಲೇ ಮಾತು ನಿಲ್ಲಿಸಿ. ದುಡ್ಡು ಕೊಟ್ಟು ಪ್ಲೇಲಿಸ್ಟ್ ಸೇರುವುದೇ ಸ್ಪಾಟಿಫೈ ನಿಯಮಕ್ಕೆ ವಿರುದ್ಧ. ಪ್ಲೇಲಿಸ್ಟ್ ಮಾಡುವ ಅವರ ಎಡಿಟರ್‌ಗಳಿಗೆ ಹಾಡು ಕಳಿಸುವುದು ಕಲಾವಿದರಿಗೆಂದೇ ಇರುವ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಪೂರ್ತಿ ಉಚಿತ. ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಕಳಿಸಿದರೆ ಫಾಲೋವರ್ಸ್‌ನ ರಿಲೀಸ್ ರೇಡಾರ್ ಅನ್ನುವ ಹೊಸ ಹಾಡುಗಳ ಪಟ್ಟಿಗಾದರೂ ಹೋಗುತ್ತದೆ. ಈಗಾಗಲೇ ಇಂಥವರಿಗೆ ದುಡ್ಡು ಕೊಟ್ಟಿದ್ದೀರಾ? ಚಾಟ್ ಅಳಿಸಬೇಡಿ. ಡಿಸ್ಟ್ರಿಬ್ಯೂಟರ್‌ಗೆ ನೀವೇ ಮೊದಲು ಬರೆಯಿರಿ, ಇವತ್ತೇ. ಅವರ ಮೇಲ್ ಬಂದ ಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ನನ್ನದನ್ನು ಕೇಳಲಿಲ್ಲ.