ವಿಆರ್‌ಎಫ್, ಚಿಲ್ಲರ್, ರೇಡಿಯಂಟ್: ಪುಣೆ–ಮುಂಬೈ ಆಫೀಸಿಗೆ ಯಾವ ತಂಪು ಒಗ್ಗುತ್ತದೆ?

ಬೆಂಗಳೂರಿನಲ್ಲಿ ಹೆಡ್ ಆಫೀಸ್ ಇಟ್ಟುಕೊಂಡ ಕಂಪನಿಗಳು ಪುಣೆಗೋ ಮುಂಬೈಗೋ ಬರುವಾಗ ಅಲ್ಲಿನ ಡ್ರಾಯಿಂಗನ್ನೂ ಜೊತೆಗೆ ತರುತ್ತವೆ. ಮೇಜು, ಕುರ್ಚಿ, ಬಣ್ಣ ಎಲ್ಲ ಹೊಂದಿಕೊಳ್ಳುತ್ತವೆ. ಹೊಂದದೇ ಇರುವುದು ಏಸಿ. ಸುಮಾರು 920 ಮೀಟರ್ ಎತ್ತರದ ಊರಿಗೆ ಹಾಕಿದ ಲೆಕ್ಕ 560 ಮೀಟರಿನ ಪುಣೆಯ ಏಪ್ರಿಲ್‌ನಲ್ಲೇ ತಡವರಿಸುತ್ತದೆ. ಸಮುದ್ರದ ಪಕ್ಕದ ಮುಂಬೈಯ ಜುಲೈಯಲ್ಲಂತೂ ಪೂರ್ತಿ ಕೈಕೊಡುತ್ತದೆ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರು ಕಡೆಯಿಂದ ಬಂದು ಇಲ್ಲಿ ಎಂಇಪಿ (ಏಸಿ, ಕರೆಂಟ್, ಪ್ಲಂಬಿಂಗ್), ಫೆಸಿಲಿಟಿ ಕೆಲಸ ನೋಡಿಕೊಳ್ಳುವ ಕನ್ನಡಿಗರು ಬಹಳ ಮಂದಿ. ಅವರ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ವಿಆರ್‌ಎಫ್ ಹಾಕೋಣವೋ, ಚಿಲ್ಲರೋ, ರೇಡಿಯಂಟೋ? ವಿಆರ್‌ಎಫ್ ಎಂದರೆ ಒಂದು ಹೊರಯಂತ್ರದಿಂದ ಹಲವು ಒಳಯಂತ್ರಗಳಿಗೆ ತಂಪಿನ ಅನಿಲ ಕಳಿಸುವ ಏಸಿ. ಚಿಲ್ಲರ್ ನೀರನ್ನು ತಣಿಸಿ ಕಟ್ಟಡದಲ್ಲೆಲ್ಲ ಹರಿಸುತ್ತದೆ. ರೇಡಿಯಂಟ್‌ನಲ್ಲಿ ಪೈಪಿನ ತಣ್ಣೀರು ಸ್ಲ್ಯಾಬನ್ನೇ ತಣಿಸುತ್ತದೆ. ಮೂರನ್ನೂ ನಡೆಸಿ, ಮೀಟರ್ ಇಟ್ಟು ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಆಫೀಸು ತುಂಬಿದಾಗಿನ ದಕ್ಷತೆ ನೋಡಿ ಆರಿಸಬೇಡಿ, ಅರ್ಧ ಖಾಲಿ ಇದ್ದಾಗ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿ ಆರಿಸಿ. ಈಗ ಮಂಗಳವಾರದಿಂದ ಗುರುವಾರದವರೆಗೆ ಸೀಟು ತುಂಬುತ್ತವೆ, ಸೋಮವಾರ ಮತ್ತು ಶುಕ್ರವಾರ ಸಾಲುಸಾಲು ಕುರ್ಚಿ ಖಾಲಿ. ಅಮೆರಿಕದ ಕೆಲಸ ನೋಡುವ ಹಿಂಜವಡಿ, ಐರೋಳಿ ಆಫೀಸುಗಳಲ್ಲಿ ರಾತ್ರಿ ಹನ್ನೆರಡಕ್ಕೂ ಒಂದು ಮೂಲೆಯಲ್ಲಿ ಹದಿನೈದು ಜನ ಕೂತಿರುತ್ತಾರೆ.

ಹೋಲಿಕೆಗೆ ಒಂದೇ ಅಳತೆ ಇಟ್ಟುಕೊಳ್ಳೋಣ: ಮಹಡಿಗೆ 10,000 ಚದರ ಅಡಿ, 100 ಸೀಟು, ಅಂಥ ಹತ್ತು ಮಹಡಿ. ಹಳೆಯ ಕಾಂಟ್ರಾಕ್ಟರ್ ಇನ್ನೂ 150 ಚದರ ಅಡಿಗೆ 1 ಟಿಆರ್ (ಏಸಿಯ ಟನ್, ಸುಮಾರು 3.5 ಕಿಲೋವ್ಯಾಟ್ ಶಾಖ ತೆಗೆಯುವ ಶಕ್ತಿ) ಎಂದೇ ಹೇಳುತ್ತಾನೆ. ಹಾಗೆ ಹಿಡಿದರೆ ಮಹಡಿಗೆ 67 ಟಿಆರ್. ಗಾಜು, ನೆರಳು, ಎಲ್‌ಇಡಿ ಸರಿಯಿದ್ದರೆ 300 ಚದರ ಅಡಿಗೆ 1 ಟಿಆರ್ ಸಾಕು, ಅಂದರೆ 33 ಟಿಆರ್. ಯಂತ್ರ ಆರಿಸುವ ಮೊದಲೇ ಖರ್ಚು ಅರ್ಧಕ್ಕೆ ಇಳಿಯುವುದು ಇಲ್ಲಿ.

ಗಾಜಿನ ವಿಷಯ ಚಿಕ್ಕದಾಗಿ ಮುಗಿಸುತ್ತೇವೆ. 100 ಕಿಲೋವ್ಯಾಟ್ ಕನೆಕ್ಟೆಡ್ ಲೋಡ್ ಅಥವಾ 120 ಕೆವಿಎ ಬೇಡಿಕೆ ಮುಟ್ಟುವ ಕಟ್ಟಡಗಳಿಗಾಗಿ ಬರೆದ ಇಸಿಬಿಸಿ 2017 ಎಂಬ ಇಂಧನ ಉಳಿತಾಯದ ಕಟ್ಟಡ ಸಂಹಿತೆಯ ನೇರ ದಾರಿಯಲ್ಲಿ, ಅಂದರೆ ನಿಗದಿತ ಮಿತಿಗಳನ್ನು ಹಾಗೆಯೇ ಪಾಲಿಸುವ ದಾರಿಯಲ್ಲಿ, ಗಾಜು ಹೊರಗೋಡೆಯ ಶೇ. 40 ಮೀರುವಂತಿಲ್ಲ. ಉತ್ತರ ಬಿಟ್ಟು ಉಳಿದ ದಿಕ್ಕುಗಳಲ್ಲಿ ಎಸ್‌ಎಚ್‌ಜಿಸಿ (ಬಿಸಿಲ ಶಾಖದಲ್ಲಿ ಗಾಜು ಒಳಬಿಡುವ ಪಾಲು) 0.27 ದಾಟುವಂತಿಲ್ಲ. ಪುಣೆಯಲ್ಲಿ ಡಿಸೆಂಬರ್ 21ರ ಮಧ್ಯಾಹ್ನವೂ ಸೂರ್ಯ ದಕ್ಷಿಣದಲ್ಲಿ 48 ಡಿಗ್ರಿ ಎತ್ತರದಲ್ಲಿರುತ್ತಾನೆ, ಆದ್ದರಿಂದ ದಕ್ಷಿಣಕ್ಕೆ ಅಡ್ಡ ಸಜ್ಜ ಚೆನ್ನಾಗಿ ಕೆಲಸ ಮಾಡುತ್ತದೆ. ಪಶ್ಚಿಮಕ್ಕೆ ಸಜ್ಜದಿಂದ ಪ್ರಯೋಜನವಿಲ್ಲ. ಸಂಜೆ ನಾಲ್ಕರ ಬಿಸಿಲು ಅದರ ಕೆಳಗಿಂದಲೇ ನುಗ್ಗುತ್ತದೆ. ಅಲ್ಲಿ ಲಿಫ್ಟ್, ಮೆಟ್ಟಿಲು, ಶೌಚಾಲಯ, ಎಎಚ್‌ಯು (ಗಾಳಿ ತಣಿಸಿ ಹಂಚುವ ಯಂತ್ರ) ಕೋಣೆ ಇಡಿ. ಜಾಗ ಇಲ್ಲವಾದರೆ ಹೊರಗಡೆ ಲೂವರ್ ಹಾಕಿ. ಒಳಗಿನ ಬ್ಲೈಂಡ್ ಕಣ್ಣಿಗೆ ನೆರಳು ಕೊಡುತ್ತದೆ, ಶಾಖ ಮಾತ್ರ ಆಗಲೇ ಒಳಗೆ ಬಂದಾಗಿರುತ್ತದೆ.

ಈಗ ವಿಆರ್‌ಎಫ್ ಮತ್ತು ಚಿಲ್ಲರ್. ಪೂರ್ತಿ ಲೋಡಿನಲ್ಲಿ ಚಿಲ್ಲರ್ ಗೆಲ್ಲುತ್ತದೆ. ನೀರಿನಿಂದ ತಣಿಯುವ ಒಳ್ಳೆಯ ಚಿಲ್ಲರ್ 5.8 ಸಿಒಪಿ (ತಿಂದ ಒಂದು ಯೂನಿಟ್ ಕರೆಂಟಿಗೆ ಕೊಡುವ ತಂಪು) ಕೊಟ್ಟರೆ ಅದು ಟಿಆರ್‌ಗೆ 0.61 ಕಿಲೋವ್ಯಾಟ್. ಪಂಪು, ಕೂಲಿಂಗ್ ಟವರ್, ಎಎಚ್‌ಯು ಫ್ಯಾನ್ ಸೇರಿಸಿದರೂ ಚೆನ್ನಾಗಿ ನಡೆಯುವ ಪ್ಲಾಂಟ್ 0.9ರಿಂದ 1.1ರೊಳಗೆ ನಿಲ್ಲುತ್ತದೆ. ವಿಆರ್‌ಎಫ್ 3.3 ಸಿಒಪಿಯಲ್ಲಿ ಹೊರಯಂತ್ರಕ್ಕೇ 1.07 ತಿನ್ನುತ್ತದೆ. ಬ್ರೋಷರ್‌ಗಳು ಇಷ್ಟು ತೋರಿಸಿ ನಿಲ್ಲುತ್ತವೆ. ಆದರೆ ಶುಕ್ರವಾರ ರಾತ್ರಿ ಒಂದು ಮಹಡಿಯಲ್ಲಿ 4 ಟಿಆರ್ ಬೇಕಾದಾಗ 110 ಟಿಆರ್ ಚಿಲ್ಲರ್ ಅಷ್ಟು ಕೆಳಗೆ ಇಳಿಯಲಾರದು. ಸಾಮಾನ್ಯವಾಗಿ ಕಾಲು ಭಾಗ ಲೋಡಿನ ಆಸುಪಾಸಿಗೇ ಅದು ಆನ್–ಆಫ್ ಆಗತೊಡಗುತ್ತದೆ, ಪಂಪು ಮತ್ತು ಟವರ್ ಮಾತ್ರ ಓಡುತ್ತಲೇ ಇರುತ್ತವೆ. ಬಾಡಿಗೆ ಕಟ್ಟಡದಲ್ಲಿ ಸಂಜೆಯ ನಂತರ ಚಿಲ್ಡ್ ವಾಟರ್‌ಗೆ ಮಾಲೀಕರು ಗಂಟೆಯ ಲೆಕ್ಕದಲ್ಲಿ ಬೇರೆ ದರ ಹಾಕುವುದು ಇದೇ ಕಾರಣಕ್ಕೆ. ವಿಆರ್‌ಎಫ್‌ನಲ್ಲಿ ಆ ಮೂಲೆಯ ಯಂತ್ರವಷ್ಟೇ ಓಡುತ್ತದೆ.

ಹಾಗೆಂದು 33 ಟಿಆರ್‌ನ ಮಹಡಿಗೆ ಒಂದೇ ದೊಡ್ಡ ವಿಆರ್‌ಎಫ್ ಹಾಕಿಸಿಕೊಳ್ಳಬೇಡಿ. 14 ಎಚ್‌ಪಿಯ (ಒಂದೊಂದೂ ಸುಮಾರು 11 ಟಿಆರ್) ಮೂರು ಹಾಕಿಸಿ. ಎಲ್ಲರೂ ಮರೆಯುವ ಕಾರಣ ಒಂದಿದೆ: ಸಣ್ಣ ಮೀಟಿಂಗ್ ರೂಮ್. 4 ಮೀಟರ್ ಉದ್ದ, 3 ಮೀಟರ್ ಅಗಲ, 2.7 ಮೀಟರ್ ಎತ್ತರದ ರೂಮಿನಲ್ಲಿ 32.4 ಘನ ಮೀಟರ್ ಗಾಳಿ. ಆರ್-410ಎ ಅನಿಲ ಸೋರಿದರೆ ಘನ ಮೀಟರಿಗೆ 0.42 ಕಿಲೋ ಮೀರಬಾರದು ಎಂಬುದು ಆಶ್ರೇ (ಏಸಿ ಎಂಜಿನಿಯರುಗಳ ಅಮೆರಿಕದ ಸಂಸ್ಥೆ) ಮಿತಿ. ಅಂದರೆ ಆ ರೂಮಿಗೆ 13.6 ಕಿಲೋ. ಉದ್ದ ಪೈಪಿನ ದೊಡ್ಡ ಸಿಸ್ಟಮ್ಮಿನಲ್ಲಿ 30 ಕಿಲೋ ಅನಿಲ ಇರುವುದು ಮಾಮೂಲು, ಸೋರಿದರೆ ಅಷ್ಟೂ ಅದೇ ರೂಮಿಗೆ ಬರಬಹುದು. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೂರು ಭಾಗ ಮಾಡಿದರೆ ಚಾರ್ಜ್ ಇಳಿಯುತ್ತದೆ. ಉಳಿದ ಅಪಾಯಕ್ಕೆ ರೂಮಿನ ರಿಟರ್ನ್ ಗಾಳಿಯನ್ನು ಹೊರಗಿನ ಹಾಲ್‌ಗೆ ತೆರೆದಿಡಿ, ಇಲ್ಲವೇ ಲೀಕ್ ಡಿಟೆಕ್ಟರ್ ಜೊತೆ ಶಟ್‌ಆಫ್ ವಾಲ್ವ್ ಕೂಡಿಸಿ. ಆರ್-32ಗೆ ಹೋದರೆ ಭೂಮಿ ಬಿಸಿಯಾಗಿಸುವ ಅಂಕ 2088ರಿಂದ 675ಕ್ಕೆ ಇಳಿಯುತ್ತದೆ. ಆದರೆ ಅದು ಸ್ವಲ್ಪ ಹೊತ್ತಿಕೊಳ್ಳುವ ಅನಿಲ, ಮಿತಿ ಇನ್ನೂ ಬಿಗಿ.

ತಾಮ್ರದ ಪೈಪು ಬೆಸೆಯುವಾಗ ಒಳಗೆ ನೈಟ್ರೋಜನ್ ಹರಿಯುತ್ತಿರಲೇಬೇಕು. ಬಿಟ್ಟರೆ ಒಳಗೆ ಕಪ್ಪು ಪೊರೆ ಕಟ್ಟಿ, ಉದುರಿ, ಎಕ್ಸ್‌ಪಾನ್ಶನ್ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಲೀಕ್ ಪರೀಕ್ಷೆಗೆ 41.5 ಬಾರ್ ಒತ್ತಡ ಕೊಟ್ಟು 24 ಗಂಟೆ ಬಿಡಿ. ಇಲ್ಲಿ ಸೈಟಿನಲ್ಲಿ ದಿನವೂ ಜಗಳ ನಡೆಯುತ್ತದೆ: ಮಧ್ಯಾಹ್ನ ತುಂಬಿದ್ದು ಮುಂಜಾನೆ 40 ತೋರಿಸುತ್ತದೆ, ಲೀಕ್ ಇದೆ ಎಂದು ಒಬ್ಬ, ಇಲ್ಲ ಎಂದು ಇನ್ನೊಬ್ಬ. ಆ ಒತ್ತಡದಲ್ಲಿ ಒಂದು ಡಿಗ್ರಿ ತಾಪ ಇಳಿದರೆ ಸುಮಾರು 0.14 ಬಾರ್ ಇಳಿಯುತ್ತದೆ. ರಾತ್ರಿ 10 ಡಿಗ್ರಿ ತಣಿದಿದ್ದರೆ 1.4 ಬಾರ್ ತಾನಾಗಿಯೇ ಹೋಗಿರುತ್ತದೆ, ಅದು ಲೀಕ್ ಅಲ್ಲ. ತಾಪಮಾನವನ್ನೂ ಒತ್ತಡದ ಪಕ್ಕದಲ್ಲೇ ಪೈಪಿನ ಮೇಲೆ ಮಾರ್ಕರ್‌ನಿಂದ ಬರೆದಿಟ್ಟರೆ ಜಗಳವೇ ಇರದು. ನಂತರ 500 ಮೈಕ್ರಾನ್‌ವರೆಗೆ (ಇದು ಇಲ್ಲಿ ಒತ್ತಡದ ಅಳತೆ) ವ್ಯಾಕ್ಯೂಮ್, ಪಂಪು ನಿಲ್ಲಿಸಿದ ಮೇಲೂ ಅದು ನಿಲ್ಲಬೇಕು.

ಮುಂಬೈ ಟವರ್‌ಗಳಲ್ಲಿ ವಿಆರ್‌ಎಫ್‌ಗೆ ಇನ್ನೊಂದು ಕಷ್ಟ. ಪ್ರತಿ ಮಹಡಿಯ ಸರ್ವಿಸ್ ಬಾಲ್ಕನಿಯಲ್ಲಿ ಹೊರಯಂತ್ರ ಒಂದರ ಮೇಲೊಂದು ಕೂತರೆ ಕೆಳಗಿನದು ಬಿಟ್ಟ ಬಿಸಿಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತದೆ. ಮೇಲಿನ ಮಹಡಿಯವರ ಏಸಿ ಮಧ್ಯಾಹ್ನ ಮೂರಕ್ಕೆ ಟ್ರಿಪ್ ಆಗುತ್ತದೆ, ಸರ್ವಿಸ್‌ನವರು ಬಂದು ಗ್ಯಾಸ್ ತುಂಬಿ ಹೋಗುತ್ತಾರೆ, ಮರುದಿನ ಮತ್ತೆ ಅದೇ. ಗ್ಯಾಸಿನದು ತಪ್ಪಿಲ್ಲ. ಮೇಲ್ಮುಖವಾಗಿ ಬರುವ ಗಾಳಿಯನ್ನು ಡಕ್ಟ್ ಹಾಕಿ ಹೊರಗೆ ಅಡ್ಡಕ್ಕೆ ತಿರುಗಿಸಬೇಕು, ಅಂದಕ್ಕೆಂದು ಹಾಕಿದ ಲೂವರ್‌ನಲ್ಲಿ ಮುಕ್ಕಾಲು ಭಾಗವಾದರೂ ತೆರಪಿರಬೇಕು. ವರ್ಲಿ, ನರಿಮನ್ ಪಾಯಿಂಟ್, ಪಣಜಿಯಂಥ ಕಡೆ ಉಪ್ಪುಗಾಳಿಗೆ ಮಾಮೂಲಿ ನೀಲಿ ಫಿನ್ ಸಾಲದು, ಎಪಾಕ್ಸಿ ಲೇಪನ ಬೇಕು, ತಿಂಗಳಿಗೊಮ್ಮೆ ಸಿಹಿನೀರಿನಿಂದ ಕಾಯಿಲ್ ತೊಳೆಯಬೇಕು.

ಚಿಲ್ಲರ್ ಸೋಲುವುದು ನೀರಿನಲ್ಲಿ. ಕೂಲಿಂಗ್ ಟವರ್ ಒಂದು ಟಿಆರ್‌ಗೆ ಗಂಟೆಗೆ ಸುಮಾರು 6 ಲೀಟರ್ ಆವಿ ಮಾಡುತ್ತದೆ, ಬ್ಲೋಡೌನ್ (ಉಪ್ಪು ಹೆಚ್ಚಾದಾಗ ಹೊರಬಿಡುವ ನೀರು) ಸೇರಿ 7.5. ನಮ್ಮ ಹತ್ತು ಮಹಡಿಯ 330 ಟಿಆರ್ ಸರಾಸರಿ ಶೇ. 60 ಲೋಡಿನಲ್ಲಿ 10 ಗಂಟೆ ನಡೆದರೆ ದಿನಕ್ಕೆ 15,000 ಲೀಟರ್ ಹತ್ತಿರ. ಇದು ನೀರನ್ನು ಐದು ಪಟ್ಟು ಸಾಂದ್ರ ಮಾಡಿ ಬಳಸಿದಾಗಿನ ಮಾತು. ಪುಣೆಯ ಹೊರವಲಯದ ಗಡಸು ಬೋರ್‌ವೆಲ್ ನೀರಿನಿಂದ ಎರಡು ಪಟ್ಟಿಗೇ ನಿಲ್ಲಿಸಬೇಕಾಗಿ ಬಂದರೆ ಟಿಆರ್‌ಗೆ 12 ಲೀಟರ್ ಆಗುತ್ತದೆ, ದಿನಕ್ಕೆ ಎರಡು ಟ್ಯಾಂಕರ್ ದಾಟುತ್ತದೆ. ಎಸ್‌ಟಿಪಿ ನೀರು (ಕಟ್ಟಡದ ಕೊಳಚೆಯನ್ನೇ ಸಂಸ್ಕರಿಸಿದ್ದು) ಬಳಸುತ್ತೇವೆ ಎಂದು ಎಲ್ಲರೂ ಬರೆದಿರುತ್ತಾರೆ. ಆಫೀಸಿನಲ್ಲಿ ತಲೆಗೆ 45 ಲೀಟರ್ ಎಂಬ ಲೆಕ್ಕದಲ್ಲಿ ಸಾವಿರ ಜನ ಬಂದರೆ 45,000 ಲೀಟರ್, ಧಾರಾಳ. ಸೋಮವಾರ ನಾನೂರು ಜನ ಬಂದರೆ 18,000. ಅದರಲ್ಲಿ ಫ್ಲಶ್‌ಗೆ ಹೋದ ಮೇಲೆ ಟವರ್‌ಗೆ ಉಳಿಯುವುದು ಸಾಲುವುದಿಲ್ಲ. ಬಿಸಿಲು, ಗಾಜು, ಲೈಟು ಜನ ಬರಲಿಲ್ಲವೆಂದು ಕಡಿಮೆಯಾಗುವುದಿಲ್ಲವಲ್ಲ. ಎರಡು ದಿನದ ಸಂಸ್ಕರಿತ ನೀರು ಹಿಡಿಯುವ ಟ್ಯಾಂಕ್ ಕಟ್ಟಿ.

ಚಿಲ್ಲರ್ ಪ್ಲಾಂಟಿನ ದೊಡ್ಡ ರೋಗ ಕಡಿಮೆ ಡೆಲ್ಟಾ-ಟಿ, ಅಂದರೆ ಹೋಗುವ ಮತ್ತು ಮರಳುವ ನೀರಿನ ತಾಪದ ಅಂತರ ಕಡಿಮೆಯಾಗುವುದು. ನೀರು 7 ಡಿಗ್ರಿಗೆ ಹೋಗಿ 12.5ಕ್ಕೆ ಮರಳಬೇಕು. ಕೊಳಕು ಕಾಯಿಲ್, ಮೂರು ದಾರಿಯ ವಾಲ್ವ್, ಯಾರೋ 18 ಡಿಗ್ರಿಗೆ ಇಟ್ಟುಬಿಟ್ಟ ಥರ್ಮೋಸ್ಟಾಟ್, ಇವುಗಳಿಂದ ನೀರು 10ಕ್ಕೇ ಮರಳುತ್ತದೆ. ಆಗ ಅದೇ ತಂಪಿಗೆ 1.8 ಪಟ್ಟು ನೀರು ಓಡಿಸಬೇಕು. ಆಪರೇಟರ್ ಎರಡನೇ ಪಂಪು, ಅದರ ಹಿಂದೆಯೇ ಎರಡನೇ ಚಿಲ್ಲರ್ ಹಾಕುತ್ತಾನೆ. ಎರಡೂ ಅರೆಹೊಟ್ಟೆಯಲ್ಲಿ ಓಡುತ್ತವೆ. ಎರಡು ದಾರಿಯ ಪಿಐಸಿವಿ ವಾಲ್ವ್ (ಒತ್ತಡ ಬದಲಾದರೂ ಬೇಕಾದಷ್ಟೇ ನೀರು ಬಿಡುವುದು) ಹಾಕಿ, ಪ್ರತಿ ಮಹಡಿಗೂ ಬಳಸಿದ ತಂಪನ್ನು ಅಳೆಯುವ ಬಿಟಿಯು ಮೀಟರ್ ಇಡಿ. ಬಾಡಿಗೆದಾರರಿಗೆ ಬಿಲ್ ಹಂಚುವಾಗಲೂ ಅದೇ ಬೇಕು. ವಿಆರ್‌ಎಫ್ ಸಾಫ್ಟ್‌ವೇರ್ ಹಂಚುವುದು ವಾಲ್ವ್ ತೆರೆದ ಪ್ರಮಾಣದ ಅಂದಾಜು, ಅಳತೆಯಲ್ಲ.

ಎರಡರಲ್ಲಿ ಯಾವುದು ತಂದರೂ ಮುಂಬೈ, ಗೋವಾದಲ್ಲಿ ಸೋಲಿಸುವುದು ಹೊರಗಾಳಿಯ ತೇವ. ನಮ್ಮ ಒಂದು ಮಹಡಿಗೆ ಆಶ್ರೇ 62.1ರಂತೆ ತಲೆಗೆ 5 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ ಗಾಳಿ), ಚದರ ಅಡಿಗೆ 0.06, ಒಟ್ಟು 1,100 ಸಿಎಫ್‌ಎಂ ಬೇಕು. ಜುಲೈ ತಿಂಗಳ ಮುಂಬೈಯಲ್ಲಿ ಇಷ್ಟು ಗಾಳಿ ಗಂಟೆಗೆ 20 ಲೀಟರಿಗೂ ಹೆಚ್ಚು ನೀರನ್ನು ಒಳಗೆ ಹೊತ್ತು ತರುತ್ತದೆ, ಒಂದು ದೊಡ್ಡ ಬಿಂದಿಗೆ ತುಂಬಾ. ವಿಆರ್‌ಎಫ್‌ನ ಕ್ಯಾಸೆಟ್ (ಸೀಲಿಂಗಿನಲ್ಲಿ ಕೂರುವ ಒಳಯಂತ್ರ) ಇದನ್ನು ತೆಗೆಯಲಾರದು. ಲೋಡು ಕಡಿಮೆಯಾದಾಗ ಕರೆಂಟ್ ಉಳಿಸಲು ಅದು ಕಾಯಿಲ್ ತಾಪವನ್ನು ತಾನೇ ಏರಿಸಿಕೊಳ್ಳುತ್ತದೆ. ಕಾಯಿಲ್ 15–16 ಡಿಗ್ರಿಗೆ ಬಂದರೆ ಗಾಳಿ ತಣ್ಣಗಾಗುತ್ತದೆ, ಒಣಗುವುದಿಲ್ಲ. ಥರ್ಮೋಸ್ಟಾಟ್ 24 ತೋರಿಸುತ್ತಿರುತ್ತದೆ, ಗ್ರಿಲ್‌ನಿಂದ ಹನಿ ಬೀಳುತ್ತಿರುತ್ತದೆ, ಕಾರ್ಪೆಟ್ ಮುಗ್ಗಲು ವಾಸನೆ ಹೊಡೆಯುತ್ತದೆ. ಜನ ರಿಮೋಟ್ ಹಿಡಿದು 20ಕ್ಕೆ ಇಳಿಸುತ್ತಾರೆ, ಬಿಲ್ ಏರುತ್ತದೆ, ಅಂಟು ಹೋಗುವುದಿಲ್ಲ. ಇದಕ್ಕೆ ಮದ್ದು ಹೊರಗಾಳಿಗೇ ಬೇರೆ ಯಂತ್ರ: ಡಿಒಎಎಸ್. ಮೊದಲು ಎಂಥಾಲ್ಪಿ ವ್ಹೀಲ್ (ಹೊರಹೋಗುವ ಗಾಳಿಯ ತಂಪು, ಒಣತನವನ್ನು ಒಳಬರುವ ಗಾಳಿಗೆ ದಾಟಿಸುವ ಚಕ್ರ), ಆಮೇಲೆ 12–13 ಡಿಗ್ರಿ ಇಬ್ಬನಿ ಬಿಂದುವಿನವರೆಗೆ (ತೇವ ನೀರಾಗತೊಡಗುವ ತಾಪ) ಒಣಗಿಸುವ ಕಾಯಿಲ್. ವ್ಹೀಲ್ ಶೇ. 70–75 ವಾಪಸು ಕೊಡುತ್ತದೆ ಎಂಬುದು ಒಳಬರುವ ಮತ್ತು ಹೊರಹೋಗುವ ಗಾಳಿ ಸಮ ಇದ್ದಾಗ ಮಾತ್ರ. ಶೌಚಾಲಯದ ಗಾಳಿಯನ್ನು ಬೇರೆ ಫ್ಯಾನಿನಿಂದ ಹೊರಹಾಕಿ ವ್ಹೀಲ್‌ಗೆ ಅರ್ಧ ಗಾಳಿ ಮಾತ್ರ ಕಳಿಸಿದರೆ ಲಾಭವೂ ಹೆಚ್ಚುಕಡಿಮೆ ಅರ್ಧವೇ.

ಪುಣೆಯ ಬೇಸಿಗೆಗೆ ಬೇರೆ ಉಪಾಯವಿದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ, ತೇವಾಂಶ ಶೇ. 20 ಇದ್ದಾಗ ಇನ್‌ಡೈರೆಕ್ಟ್ ಇವಾಪೊರೇಟಿವ್ ಕೂಲರ್ (ಬೇರೆ ದಾರಿಯಲ್ಲಿ ನೀರು ಆವಿ ಮಾಡಿ, ಆ ತಂಪನ್ನಷ್ಟೇ ಗಾಳಿಗೆ ದಾಟಿಸುವುದು) ಹೊರಗಾಳಿಯನ್ನು 27ರ ಹತ್ತಿರ ತರುತ್ತದೆ, ಒಳಗಿನ ಗಾಳಿಗೆ ಒಂದು ಹನಿ ತೇವವನ್ನೂ ಸೇರಿಸದೆ. ಮಹಡಿಗೆ ಗಂಟೆಗೆ 10–15 ಲೀಟರ್ ನೀರು ಸಾಕು. ಮಳೆಗಾಲದಲ್ಲಿ ಅದು ಸುಮ್ಮನೆ ಅಡ್ಡ, ಬೈಪಾಸ್ ಡ್ಯಾಂಪರ್ ಇರಲೇಬೇಕು. ಮುಂಬೈಗೆ ಇದನ್ನು ಯಾರಾದರೂ ಮಾರಲು ಬಂದರೆ ಬೇಡ ಅನ್ನಿ.

ರೇಡಿಯಂಟ್ ಬಗ್ಗೆ ನಮಗೆ ಬಹಳ ಗೌರವವಿದೆ. ಇನ್ಫೋಸಿಸ್ ತನ್ನ ಹೈದರಾಬಾದ್ ಕ್ಯಾಂಪಸ್‌ನ ಒಂದೇ ಕಟ್ಟಡದ ಅರ್ಧಕ್ಕೆ ರೇಡಿಯಂಟ್, ಇನ್ನರ್ಧಕ್ಕೆ ಸಾಮಾನ್ಯ ವಿಎವಿ (ತಣ್ಣಗಿನ ಗಾಳಿಯನ್ನು ಬೇಕಾದಷ್ಟೇ ಡಕ್ಟಿನಲ್ಲಿ ಕಳಿಸುವ ವ್ಯವಸ್ಥೆ) ಹಾಕಿ ಅಳೆದಾಗ ರೇಡಿಯಂಟ್ ಕಡೆಗೆ ತಂಪಿನ ಖರ್ಚು ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂತು. ನಮ್ಮ ದೇಶದಲ್ಲಿ ಇಷ್ಟು ನೇರವಾದ ಹೋಲಿಕೆ ಅಪರೂಪ. ಸ್ಲ್ಯಾಬ್ ಒಳಗೆ 150 ಮಿಲಿಮೀಟರ್ ಅಂತರದಲ್ಲಿ ಪೈಪು, 14–18 ಡಿಗ್ರಿ ನೀರು. ನೀರು ಅಷ್ಟೇನೂ ತಣ್ಣಗಿರಬೇಕಿಲ್ಲವಾದ್ದರಿಂದ ಚಿಲ್ಲರ್‌ಗೆ ಶ್ರಮ ಕಡಿಮೆ. ಆದರೆ ಚದರ ಮೀಟರಿಗೆ 60–80 ವ್ಯಾಟ್ ಮಾತ್ರ ಎಳೆಯುತ್ತದೆ, ಪಶ್ಚಿಮದ ಗಾಜಿನ ಪಕ್ಕ ಅದು ಸಾಲದು. ಬಾಡಿಗೆದಾರ ಬಂದು ಫಾಲ್ಸ್ ಸೀಲಿಂಗ್ ಹಾಕಿದರೆ ಎಲ್ಲ ವ್ಯರ್ಥ, ಡ್ರಿಲ್ ಹಾಕಿದರೆ ಪೈಪೇ ತೂತು. ಮುಂಬೈಯಲ್ಲಿ ಮಳೆಗಾಲದಲ್ಲಿ ಒಂದು ಬಾಗಿಲು ತೆರೆದೇ ಉಳಿದರೆ ಸೀಲಿಂಗ್ ಬೆವರುತ್ತದೆ. ಆದ್ದರಿಂದ ಸ್ವಂತ ಕ್ಯಾಂಪಸ್, ಪುಣೆಯ ಹವೆ, ಗಟ್ಟಿ ಡಿಒಎಎಸ್, ಈ ಮೂರೂ ಇದ್ದರೆ ಕಣ್ಣುಮುಚ್ಚಿ ಹಾಕಿ. ಇಲ್ಲವಾದರೆ ಬೇಡ.

ನಮ್ಮ ಆಯ್ಕೆ ಹೀಗೆ: ಪುಣೆಯಲ್ಲಿ 150 ಟಿಆರ್ ಒಳಗಿನ ಅಥವಾ ಹಲವು ಬಾಡಿಗೆದಾರರ ಕಟ್ಟಡಕ್ಕೆ ವಿಆರ್‌ಎಫ್ ಮತ್ತು ಇವಾಪೊರೇಟಿವ್ ಹೊರಗಾಳಿ. ಮುಂಬೈಯಲ್ಲಿ 300 ಟಿಆರ್ ದಾಟಿದರೆ ಚಿಲ್ಲರ್, ಡಿಒಎಎಸ್, ಜೊತೆಗೆ ರಾತ್ರಿ ಪಾಳಿಯ ಮೂಲೆಗೆ ಮತ್ತು ಸರ್ವರ್ ರೂಮಿಗೆ ಸಣ್ಣ ವಿಆರ್‌ಎಫ್. ಎಲ್ಲಿಯೇ ಆಗಲಿ 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಮೋಟಾರಿನ) ಸೀಲಿಂಗ್ ಫ್ಯಾನ್ ಹಾಕಿ ಏಸಿಯನ್ನು 26 ಡಿಗ್ರಿಗೆ ಇಡಿ. ಕೇಂದ್ರ ಸರ್ಕಾರದ ಇಂಧನ ದಕ್ಷತೆ ಸಂಸ್ಥೆ ಬಿಇಇ ಹೇಳುವಂತೆ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಉಳಿತಾಯ.

ಸ್ಮಾರ್ಟ್ ಸೆನ್ಸರ್‌ಗಳಲ್ಲಿ ಪಿಐಆರ್ (ದೇಹದ ಶಾಖದ ಅಲುಗಾಟ ಗುರುತಿಸುವುದು) ಅಗ್ಗ, ಆದರೆ ಅಲುಗಾಡದೆ ಟೈಪ್ ಮಾಡುವವರು ಅದಕ್ಕೆ ಕಾಣುವುದಿಲ್ಲ, ಲೈಟು ಆರುತ್ತದೆ. ಮೀಟಿಂಗ್ ರೂಮಿಗೆ ರಾಡಾರ್ ಮಾದರಿಯದೇ ಬೇಕು. ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇಟ್ಟರೆ ನಮ್ಮ ಮಹಡಿಯಲ್ಲಿ 40 ಜನರಿದ್ದಾಗ 1,100ರ ಬದಲು 800 ಸಿಎಫ್‌ಎಂ ಸಾಕು. ಒಂದು ಎಚ್ಚರ: ಅಗ್ಗದ ಸೆನ್ಸರ್ ರಾತ್ರಿ ಆಫೀಸು ಖಾಲಿಯಾಗಿ ಗಾಳಿ 400 ಪಿಪಿಎಂಗೆ ಇಳಿಯುತ್ತದೆ ಎಂದು ನಂಬಿ ತಾನೇ ತಿದ್ದಿಕೊಳ್ಳುತ್ತದೆ. ರಾತ್ರಿ ಪಾಳಿಯ ಮಹಡಿ ಎಂದೂ ಖಾಲಿಯಾಗದು. ಆಗ ಅದು 600 ಅನ್ನೇ 400 ಎಂದುಕೊಂಡು ಗಾಳಿ ಕಡಿಮೆ ಮಾಡುತ್ತ ಹೋಗುತ್ತದೆ, ಜನರಿಗೆ ತಲೆಭಾರ. ಅಂಥ ಕಡೆ ಎರಡು ಚಾನೆಲ್‌ನ (ಹೋಲಿಸಿ ನೋಡಲು ತನ್ನೊಳಗೇ ಎರಡನೇ ಅಳತೆಯಿರುವ) ಸೆನ್ಸರ್ ಕೇಳಿ ತರಿಸಿ.

ಟೆಂಡರ್‌ನಲ್ಲಿ ಇದೊಂದನ್ನು ತಪ್ಪದೆ ಬರೆಸಿ: ಮುಂಬೈಯ ಕಟ್ಟಡವನ್ನು ಜನವರಿಯಲ್ಲಿ ವಶಕ್ಕೆ ತೆಗೆದುಕೊಂಡರೆ ತೇವಾಂಶದ ಪರೀಕ್ಷೆ ನಡೆದೇ ಇರುವುದಿಲ್ಲ. ಬಿಲ್ಲಿನ ಶೇ. 5 ತಡೆದಿಡಿ. ಜುಲೈಯಲ್ಲಿ ಒಂದು ವಾರ ಪ್ರತಿ ಮಹಡಿಯ ತಾಪಮಾನ, ತೇವಾಂಶ ಎರಡನ್ನೂ ಹದಿನೈದು ನಿಮಿಷಕ್ಕೊಮ್ಮೆ ದಾಖಲಿಸಿ, ತೇವಾಂಶ ಶೇ. 60ರೊಳಗೆ ನಿಂತಿದ್ದರೆ ಮಾತ್ರ ಬಿಡುಗಡೆ ಮಾಡಿ.